ಉಸಿರು ಸರಿಹೋಯಿತು, ಸಿಆರ್‌ಪಿ ಇಳಿಯಲಿಲ್ಲ: ಸ್ಲೀಪ್ ಅಪ್ನಿಯಾದ ಒಂದು ಪ್ರಕರಣ

ಗೊರಕೆ ಹೊಡೆಯುವ ಗಂಡಸರು ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಹೆಂಡತಿಯ ಒತ್ತಾಯಕ್ಕೆ. ಇವರು ಬಂದದ್ದು ರಕ್ತ ಪರೀಕ್ಷೆಯ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಎರಡು ಅಂಕಿಗಳಿಗೆ ಹೆದರಿ. ಒಂದು, ಹಿಮೋಗ್ಲೋಬಿನ್ 17.6. ಇನ್ನೊಂದು, ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಹೆಚ್‌ಎಸ್-ಸಿಆರ್‌ಪಿ, ಲೀಟರಿಗೆ 7.8 ಮಿಲಿಗ್ರಾಂ. ಹಬ್ಬದ ರಿಯಾಯಿತಿಯಲ್ಲಿ ಸಿಕ್ಕ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನ ಫಲ ಅದು. ಬೆಂಗಳೂರಿನಲ್ಲಿರುವ ಮಗ ವರದಿಯನ್ನು ಅಂತರ್ಜಾಲದಲ್ಲಿ ಜಾಲಾಡಿ, ರಕ್ತದ ಕ್ಯಾನ್ಸರ್‌ವರೆಗೆ ಹೋಗಿ ಬಂದಿದ್ದ. ಊರಿನ ವೈದ್ಯರು ರಕ್ತರೋಗ ತಜ್ಞರಿಗೆ ಚೀಟಿ ಬರೆದಿದ್ದರೂ, ಮೊದಲು ‘ಸ್ವಲ್ಪ ಶ್ವಾಸಕೋಶ ನೋಡಿಸಿಬಿಡಿ’ ಎಂದು ಕಳಿಸಿದ್ದರು.

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇವರನ್ನು ಗುಮಾಸ್ತರು ಎಂದು ಕರೆಯೋಣ. ವಯಸ್ಸು 47. ಮಲೆನಾಡಿನ ಅಂಚಿನ ಪೇಟೆಯೊಂದರ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಊಟಕ್ಕೊಮ್ಮೆ ಏಳುವುದು ಬಿಟ್ಟರೆ ರಾತ್ರಿ ಎಂಟರವರೆಗೆ ಕುರ್ಚಿ ಬಿಡುವುದಿಲ್ಲ. ನವೆಂಬರಿನಿಂದ ಕೊಯ್ಲಿನ ಮಾಲು ಬರತೊಡಗಿದರೆ ಹತ್ತಾದರೂ ಆಯಿತು. ಎತ್ತರ 170 ಸೆಂಟಿಮೀಟರ್, ತೂಕ 96.5 ಕಿಲೋ, ಬಿಎಂಐ 33.4. ಭಾರತೀಯರಿಗೆ ಬಿಎಂಐ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಸೊಂಟದ ಸುತ್ತಳತೆ 112 ಸೆಂಟಿಮೀಟರ್, ಕತ್ತಿನದು 43. ಬಿ.ಪಿ.ಗೆ ದಿನಕ್ಕೆ ಮೂರು ಬಗೆಯ ಮಾತ್ರೆ ನುಂಗುತ್ತಿದ್ದರು. ಅದರಲ್ಲೊಂದು ಮೂತ್ರ ಹೆಚ್ಚಿಸುವ ಮಾತ್ರೆ. ಅಷ್ಟಾದರೂ ಅಂದು ಬಿ.ಪಿ. 158/100. ಮೂರು ತಿಂಗಳ ಸಕ್ಕರೆಯ ಸರಾಸರಿ 6.3, ಅಂದರೆ ಮಧುಮೇಹದ ಹೊಸ್ತಿಲು. ಬೀಡಿ, ಸಿಗರೇಟು ಇಲ್ಲ. ಅಡಿಕೆ ಮಂಡಿಯಲ್ಲಿ ಕೂತು ಎಲೆ-ಅಡಿಕೆ ಬಿಟ್ಟವರನ್ನು ನಾನು ಕಂಡಿಲ್ಲ. ಇವರೂ ಬಿಟ್ಟಿರಲಿಲ್ಲ. ಬಾಯಿ ತೆರೆದರೆ ವಸಡು ಊದಿ ಕೆಂಪಾಗಿತ್ತು. ಇದು ಮುಂದೆ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

ಮೊದಲ ತೀರ್ಮಾನ: ರಕ್ತ ಮೊದಲೋ, ರಾತ್ರಿ ಮೊದಲೋ

ಹಿಮೋಗ್ಲೋಬಿನ್ ಹೆಚ್ಚಾಗಲು ಮೂಳೆ ಮಜ್ಜೆಯ ಕಾಯಿಲೆಯೇ ಬೇಕೆಂದಿಲ್ಲ. ಆಮ್ಲಜನಕ ಸಾಲದೆಂದು ಮೂತ್ರಪಿಂಡಕ್ಕೆ ಅನ್ನಿಸಿದರೆ ಅದು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಬಿಡುತ್ತದೆ, ಮಜ್ಜೆ ಹೆಚ್ಚು ಕೆಂಪು ಕಣ ತಯಾರಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಕ್ತದ ನೀರಿನಂಶ ಕುಗ್ಗಿದರೂ ಅಂಕಿ ಮೇಲೇರುತ್ತದೆ. ಇವರ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಸರಿಯಿದ್ದವು, ಮಜ್ಜೆಯ ಕಾಯಿಲೆಯಲ್ಲಿ ಊದಬಹುದಾದ ಗುಲ್ಮ (ಸ್ಪ್ಲೀನ್) ಕೈಗೆ ಸಿಗುತ್ತಿರಲಿಲ್ಲ. ಕೂತಾಗ ಬೆರಳಿನ ಆಕ್ಸಿಮೀಟರ್ 96 ತೋರಿಸಿತು. ಹಗಲಿನಲ್ಲಿ ಕೊರತೆಯಿಲ್ಲ ಎಂದಾದರೆ ರಾತ್ರಿಯ ಕಡೆ ತಿರುಗಬೇಕು.

‘ಗೊರಕೆ ಹೊಡೀತೀರಾ?’ ಎಂದರೆ ಗುಮಾಸ್ತರು ನಕ್ಕರು. ಉತ್ತರ ಕೊಟ್ಟವರು ಅವರ ಹೆಂಡತಿ. ‘ಡಾಕ್ಟ್ರೇ, ಇವ್ರು ಗೊರಕೆ ಹೊಡೆದ್ರೆ ನಂಗೇನೂ ಇಲ್ಲ, ಇಪ್ಪತ್ತು ವರ್ಷದಿಂದ ರೂಢಿ ಆಗಿದೆ. ಗೊರಕೆ ನಿಂತಾಗ ನಂಗೆ ಭಯ. ಎದ್ದು ಕೂತು ಮೂಗಿನ ಹತ್ರ ಕೈ ಹಿಡೀತೀನಿ.’ ಫೋನಿನಲ್ಲಿ ಹಿಡಿದಿಟ್ಟಿದ್ದ ವಿಡಿಯೊ ತೋರಿಸಿದರು. ಗೊರಕೆ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ. ಎದೆ, ಹೊಟ್ಟೆ ಮಾತ್ರ ಎಳೆದಾಡುತ್ತಿವೆ, ಗಾಳಿ ಒಳಗೆ ಹೋಗುತ್ತಿಲ್ಲ. ಅರ್ಧ ನಿಮಿಷ ಕಳೆದು ಒಂದು ದೊಡ್ಡ ಗೊರಕೆ, ಮೈಯೆಲ್ಲ ಅದುರಿ ಮತ್ತೆ ಉಸಿರು. ಇಂಥ ವಿಡಿಯೊ ಒಂದು ನಿಮಿಷದ್ದಿದ್ದರೂ ಸಾಕು, ಎಷ್ಟೋ ಪ್ರಶ್ನೆಗಳನ್ನು ಕೇಳಬೇಕಾಗುವುದಿಲ್ಲ. ಮನೆಯವರಿಗೆ ನಾನು ಇದನ್ನು ಹೇಳಿ ಮಾಡಿಸುತ್ತೇನೆ. ಈ ತಾಯಿಗೆ ಯಾರೂ ಹೇಳಿರಲಿಲ್ಲ, ತಾವೇ ಮಾಡಿದ್ದರು.

ಉಳಿದದ್ದು ಒಂದೊಂದಾಗಿ ಹೊರಬಂತು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಬೆಳಿಗ್ಗೆ ತಲೆಭಾರ, ಮಧ್ಯಾಹ್ನ ಖಾತೆ ಪುಸ್ತಕದ ಮೇಲೆ ಪೆನ್ನು ಹಿಡಿದಂತೆಯೇ ತೂಕಡಿಕೆ. ಒಮ್ಮೆ ಬೈಕಿನಲ್ಲಿ ಕಣ್ಣು ಮುಚ್ಚಿಹೋಗಿ ರಸ್ತೆ ಬದಿಯ ಚರಂಡಿಗೆ ಇಳಿದದ್ದನ್ನು ಹೆಂಡತಿಗೇ ಹೇಳಿರಲಿಲ್ಲವಂತೆ. ಹಗಲ ತೂಕಡಿಕೆ ಅಳೆಯುವ ಎಪ್‌ವರ್ತ್ ಪ್ರಶ್ನಾವಳಿಯಲ್ಲಿ 24ಕ್ಕೆ 16 ಬಂತು. 10 ದಾಟಿದರೆ ಹೆಚ್ಚು ಎಂದರ್ಥ. ಅಂದೇ ಒಂದು ಕಟ್ಟುನಿಟ್ಟು ಮಾಡಿದೆವು: ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ಬೈಕು ಬೇಡ, ಬಸ್ಸು.

ರಕ್ತರೋಗದ ವಂಶವಾಹಿ ಪರೀಕ್ಷೆಯನ್ನು ತಡೆದು, ಮೊದಲು ನಿದ್ದೆಯ ಪರೀಕ್ಷೆ ಮಾಡೋಣ ಎಂದು ನಿರ್ಧರಿಸಿದೆವು. ಒಂದು ಷರತ್ತಿತ್ತು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಈ ಕಾಯಿಲೆ, ಅಂದರೆ ಸ್ಲೀಪ್ ಅಪ್ನಿಯಾ, ಒಂದರಿಂದಲೇ ಹಿಮೋಗ್ಲೋಬಿನ್ ತುಂಬಾ ಏರುವುದು ಅಪರೂಪ. ಚಿಕಿತ್ಸೆಯ ನಂತರವೂ ಅಂಕಿ ಇಳಿಯದಿದ್ದರೆ ರಕ್ತರೋಗ ತಜ್ಞರ ಬಾಗಿಲು ತಟ್ಟಲೇಬೇಕು. ಜೊತೆಗೆ ರಕ್ತದ ಬೈಕಾರ್ಬೊನೇಟ್ ನೋಡಿದೆವು, 25 ಇತ್ತು. ಅದು 27 ದಾಟಿದ್ದರೆ, ಬೊಜ್ಜಿನ ಭಾರಕ್ಕೆ ಹಗಲಲ್ಲೂ ಉಸಿರಾಟ ಕುಂದಿ ಇಂಗಾಲದ ಡೈಆಕ್ಸೈಡ್ ಉಳಿಯುತ್ತಿದೆಯೇ ಎಂದು ಅನುಮಾನಿಸಬೇಕಿತ್ತು. ಅದರ ದಾರಿಯೇ ಬೇರೆ, ಯಂತ್ರವೂ ಬೇರೆಯಾಗಬಹುದು. ಅಗ್ಗದ ಪರೀಕ್ಷೆ, ಆದರೆ ಬರೆಯುವವರು ಕಡಿಮೆ.

ರಾತ್ರಿಯ ಲೆಕ್ಕ

ಮನೆಯಲ್ಲೇ ಮಾಡುವ ಪರೀಕ್ಷೆ ಆರಿಸಿಕೊಂಡೆವು. ಮೂಗಿಗೆ ಸಣ್ಣ ನಳಿಗೆ, ಎದೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಗಾಳಿಯ ಹರಿವು ಕನಿಷ್ಠ 10 ಸೆಕೆಂಡು ಪೂರ್ತಿ ನಿಂತರೆ ಅಪ್ನಿಯಾ. ಗಣನೀಯವಾಗಿ ಕುಗ್ಗಿ, ಆಮ್ಲಜನಕವೂ ಇಳಿದರೆ ಹೈಪಾಪ್ನಿಯಾ. ಎರಡನ್ನೂ ಕೂಡಿಸಿ ಗಂಟೆಗೆ ಸರಾಸರಿ ಎಷ್ಟು ಎಂಬುದೇ ಎಎಚ್‌ಐ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಇವರದು 46.

ಅದಕ್ಕಿಂತ ನನ್ನ ಕಣ್ಣು ಹೋದದ್ದು ಆಮ್ಲಜನಕದ ಗೆರೆಯ ಮೇಲೆ. ಅತಿ ಕಡಿಮೆ 66 ಪ್ರತಿಶತ. ರಾತ್ರಿಯ 27 ಪ್ರತಿಶತ ಹೊತ್ತು 90ಕ್ಕಿಂತ ಕೆಳಗೆ. ಒಂದೇ ಎಎಚ್‌ಐ ಇರುವ ಇಬ್ಬರಲ್ಲಿ ಒಬ್ಬರ ಆಮ್ಲಜನಕ 88ಕ್ಕೆ ನಿಂತರೆ ಇನ್ನೊಬ್ಬರದು 66ಕ್ಕೆ ಕುಸಿಯಬಹುದು. ವರದಿಯ ಮೊದಲ ಸಾಲಿನಲ್ಲಿರುವ ಎಎಚ್‌ಐ ಒಂದನ್ನೇ ಓದಿ ಪುಟ ಮಡಚುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಬಿ.ಪಿ., ಹಿಮೋಗ್ಲೋಬಿನ್ ಯಾಕೆ ಏರಿವೆ ಎಂಬುದಕ್ಕೆ ಸುಳಿವು ಸಿಗುವುದು ಎರಡನೆಯ ಪುಟದಲ್ಲಿ.

ಗಂಟಲಿನ ಒಳಭಾಗಕ್ಕೆ ಎಲುಬಿನ ಆಧಾರವಿಲ್ಲ, ಸ್ನಾಯುಗಳೇ ಅದನ್ನು ತೆರೆದಿಡುವುದು. ನಿದ್ದೆಯಲ್ಲಿ ಸ್ನಾಯು ಸಡಿಲವಾಗುತ್ತದೆ. ತೂಕ ಹೆಚ್ಚಿದವರಲ್ಲಿ ನಾಲಿಗೆಯೊಳಗೇ ಕೊಬ್ಬು ಸೇರಿಕೊಂಡು ಅದು ದಪ್ಪವಾಗುತ್ತದೆ, ಕತ್ತಿನ ಕೊಬ್ಬು ಹೊರಗಿನಿಂದ ಒತ್ತುತ್ತದೆ, ಮಲಗಿದಾಗ ಹೊಟ್ಟೆಯು ವಪೆಯನ್ನು (ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ತಳ್ಳಿ ಶ್ವಾಸಕೋಶವನ್ನು ಕುಗ್ಗಿಸುತ್ತದೆ. ಶ್ವಾಸಕೋಶ ಹಿಗ್ಗಿದ್ದರೆ ಶ್ವಾಸನಾಳವನ್ನು ಕೆಳಕ್ಕೆ ಎಳೆದು ಗಂಟಲನ್ನು ಬಿಗಿಯಾಗಿ ಹಿಡಿಯುತ್ತದೆ. ಕುಗ್ಗಿದರೆ ಆ ಬಿಗಿ ತಪ್ಪಿ ಗಂಟಲು ಇನ್ನಷ್ಟು ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಅದೇ ಕುಗ್ಗಿದ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನೂ ಕಡಿಮೆ, ಹಾಗಾಗಿ ಉಸಿರು ನಿಂತ ಕೂಡಲೇ ಅಂಕಿ ದಡದಡ ಇಳಿಯುತ್ತದೆ. ಇವರಿಗೆ ಇದರ ಮೇಲೆ ಗಲ್ಲವೂ ಹಿಂದಕ್ಕೆ ಸರಿದಿತ್ತು. ಹುಟ್ಟಿನಿಂದ ಬಂದ ದವಡೆ ಅದು, ಮೀಸೆಯ ಗಾಂಭೀರ್ಯದಲ್ಲಿ ಮರೆಯಾಗಿತ್ತು.

ಯಂತ್ರ, ಮೀಸೆ, ಕರೆಂಟು

ಸಿಪ್ಯಾಪ್ ಚಿಕಿತ್ಸೆಯ ಕಲ್ಪನೆ ಸರಳ. ಗಾಳಿಯನ್ನು ಸಣ್ಣ ಒತ್ತಡದಲ್ಲಿ ಮೂಗಿನ ಮೂಲಕ ಬಿಟ್ಟರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಕಟಿಸಿದರು. ಇಂದಿಗೂ ತೀವ್ರ ಅಪ್ನಿಯಾಕ್ಕೆ ಮೊದಲ ಮದ್ದು ಇದೇ.

ಮೊದಲ ತಿಂಗಳಿಗೆ ಬಾಡಿಗೆ ಯಂತ್ರ ಕೊಡಿಸಿದೆವು. ಎರಡು ವಾರದ ನಂತರ ಅದರ ನೆನಪಿನ ಕಾರ್ಡ್ ನೋಡಿದರೆ ಬಳಕೆ ರಾತ್ರಿಗೆ ಎರಡು ಗಂಟೆಗೂ ಕಡಿಮೆ, ಸೋರಿಕೆ ವಿಪರೀತ. ಕಾರಣ ಮುಖದ ಮೇಲೆಯೇ ಇತ್ತು. ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕು ಆ ದಪ್ಪ ಮೀಸೆಯ ಮೇಲೆ ಕೂರುತ್ತಿರಲಿಲ್ಲ. ಯಂತ್ರ ಕೊಟ್ಟ ಹುಡುಗ ‘ಮೀಸೆ ತೆಗೀರಿ ಸರ್’ ಎಂದುಬಿಟ್ಟಿದ್ದ. ಗುಮಾಸ್ತರು ಅದಕ್ಕಿಂತ ಯಂತ್ರವನ್ನೇ ತೆಗೆಯಲು ಸಿದ್ಧರಿದ್ದರು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕು ಕೊಟ್ಟೆವು, ಮೂಗು ಕಟ್ಟುವುದಕ್ಕೆ ಸ್ಪ್ರೇ ಬರೆದೆವು. ಸೋರಿಕೆ ಇಳಿಯಿತು.

ಮುಂದಿನ ಅಡ್ಡಿ ಕರೆಂಟಿನದು. ರಾತ್ರಿ ಎರಡಕ್ಕೆ ಲೈನ್ ಹೋದರೆ ಯಂತ್ರ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ಮಾಸ್ಕು ಕಿತ್ತೆಸೆಯುತ್ತಾರೆ. ಮನೆಯ ಯುಪಿಎಸ್‌ಗೆ ಯಂತ್ರದ ಪ್ಲಗ್ ಸೇರಿಸಿ, ಬ್ಯಾಟರಿಯ ಮೇಲೆ ಓಡುವಾಗ ಗಾಳಿಗೆ ತೇವ ಕೊಡುವ ಹೀಟರ್ ಆರಿಸಲು ಹೇಳಿಕೊಟ್ಟೆವು. ಹೆಚ್ಚು ಕರೆಂಟು ತಿನ್ನುವುದು ಆ ಹೀಟರೇ. ಇಂಥ ಸಣ್ಣ ಸಂಗತಿಗಳಿಗೆ ಹೊರರೋಗಿ ವಿಭಾಗದಲ್ಲಿ ಸಮಯವಿಲ್ಲ ಎನ್ನುವವರು 2016ರ ‘ಸೇವ್’ ಅಧ್ಯಯನ ನೆನೆಯಬೇಕು. 2,700ಕ್ಕೂ ಹೆಚ್ಚು ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ ಅಪ್ನಿಯಾ ರೋಗಿಗಳಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಉಳಿದ ಹೊತ್ತು ಗಂಟಲು ಹಿಂದಿನಂತೆಯೇ ಮುಚ್ಚುತ್ತಿತ್ತು ಎಂದಾಯಿತು. ಬೆಳಗಿನ ಜಾವದ ಕನಸಿನ ನಿದ್ದೆಯಲ್ಲೇ ಅನೇಕರಿಗೆ ಅಪ್ನಿಯಾ ಹೆಚ್ಚು. ಮಾಸ್ಕು ಕಳಚಿ ಬೀಳುವುದೂ ಸಾಮಾನ್ಯವಾಗಿ ಆಗಲೇ.

ಗುಮಾಸ್ತರ ಬಳಕೆ ಎರಡನೆಯ ತಿಂಗಳ ಹೊತ್ತಿಗೆ ಐದೂವರೆ ಗಂಟೆ ದಾಟಿತು.

ಮೂರನೆಯ ತಿಂಗಳು: ಎಲ್ಲ ಸರಿ, ಒಂದು ಬಿಟ್ಟು

ಮೂರು ತಿಂಗಳ ಭೇಟಿ ಈ ಪ್ರಕರಣದ ತಿರುವು. ಯಂತ್ರದ ಮೇಲೆ ಉಳಿದ ಎಎಚ್‌ಐ 3.4. ತೂಕಡಿಕೆಯ ಅಂಕ 16ರಿಂದ 6ಕ್ಕೆ. ರಾತ್ರಿ ಮೂತ್ರಕ್ಕೆ ಏಳುವುದು ನಿಂತಿತ್ತು. ಉಸಿರುಕಟ್ಟಿದಾಗ ಎದೆಯೊಳಗಿನ ಎಳೆತಕ್ಕೆ ಹೃದಯದ ಮೇಲಿನ ಕೋಣೆ ಹಿಗ್ಗಿ, ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತಿತ್ತು. ಈಗ ಆ ಎಳೆತವಿಲ್ಲ. ಬಿ.ಪಿ. 138/88ಕ್ಕೆ ಬಂದಿತ್ತು, ಮೂತ್ರದ ಮಾತ್ರೆ ನಿಲ್ಲಿಸಿದೆವು. ಹಿಮೋಗ್ಲೋಬಿನ್ 16.2. ರಕ್ತರೋಗ ತಜ್ಞರ ಚೀಟಿ ಹರಿದು ಹಾಕಬಹುದಾಗಿತ್ತು. ಮಾತ್ರೆ ನಿಂತ ಮೇಲೆ ಇನ್ನೊಮ್ಮೆ ನೋಡಿಯೇ ಹರಿದೆವು.

ಆದರೆ ಗುಮಾಸ್ತರ ಮುಖದಲ್ಲಿ ಗೆಲುವಿರಲಿಲ್ಲ. ಬರುವ ಮೊದಲು ತಾವಾಗಿಯೇ ಸಿಆರ್‌ಪಿ ಮಾಡಿಸಿಕೊಂಡು ಬಂದಿದ್ದರು. 7.4. ತೂಕ 99 ಕಿಲೋ, ಎರಡೂವರೆ ಕಿಲೋ ಜಾಸ್ತಿ. ‘ಅಷ್ಟು ದುಡ್ಡು ಸುರಿದು ಮಷಿನ್ ತಗೊಂಡೆ ಡಾಕ್ಟ್ರೇ. ಉರಿಯೂತ ಇದ್ದಲ್ಲೇ ಇದೆ, ತೂಕ ಮೇಲೇರಿದೆ. ಮಗ ಹೇಳ್ತಾನೆ, ಇದು ಕೆಲ್ಸ ಮಾಡ್ತಿಲ್ಲ, ವಾಪಸ್ ಕೊಟ್ಟುಬಿಡಿ ಅಂತ.’

ಇಲ್ಲಿ ಮೂರು ದಾರಿ ಇದ್ದವು. ಯಂತ್ರದ ಒತ್ತಡ ಏರಿಸಿ ನೋಡುವುದು. ಸಂಧಿವಾತ, ಲೂಪಸ್ ಎಂದು ಉರಿಯೂತದ ಮೂಲ ಹುಡುಕುತ್ತ ಪರೀಕ್ಷೆಗಳ ಸರಪಳಿ ಹಿಡಿಯುವುದು. ಅಥವಾ, ಯಂತ್ರ ತನ್ನ ಕೆಲಸ ಮಾಡಿದೆ, ಈ ಸಿಆರ್‌ಪಿ ಅದರ ಕೆಲಸವೇ ಅಲ್ಲ ಎಂದು ಒಪ್ಪಿಕೊಂಡು ತೂಕದ ಕಡೆ ತಿರುಗುವುದು. ಮೊದಲನೆಯದಕ್ಕೆ ಅರ್ಥವಿರಲಿಲ್ಲ, ಉಳಿದ ಎಎಚ್‌ಐ 3.4 ಇರುವಾಗ ಒತ್ತಡ ಏರಿಸಿ ಏನು ಸಾಧಿಸುವುದು? ಎರಡನೆಯದಕ್ಕೆ ಮೈಯಲ್ಲಿ ಸುಳಿವಿರಲಿಲ್ಲ. ಕೀಲು ನೋವಿಲ್ಲ, ಜ್ವರವಿಲ್ಲ, ತೂಕ ಇಳಿಯುವುದಿರಲಿ, ಏರಿದೆ. ಕಣ್ಣೆದುರಿಗೆ ಇದ್ದ ಒಂದೇ ಮೂಲ ಆ ವಸಡು. ಅವರನ್ನು ದಂತವೈದ್ಯರಲ್ಲಿಗೆ ಕಳಿಸಿದೆವು.

ಎರಡು ಖಾತೆಗಳು

ನಿದ್ದೆಯಲ್ಲಿ ಉಸಿರು ನಿಂತಾಗ ಆಮ್ಲಜನಕ ಇಳಿಯುತ್ತದೆ, ಉಸಿರು ಮರಳಿದಾಗ ರಭಸದಿಂದ ಏರುತ್ತದೆ. ಇದು ಗಂಟೆಗೆ ನಲವತ್ತೈವತ್ತು ಸಲ. ಬೆಟ್ಟದ ಮೇಲೆ ವಾಸಿಸುವವರಲ್ಲೂ ಆಮ್ಲಜನಕ ಕಡಿಮೆ, ಆದರೆ ಅದು ಒಂದೇ ಸಮನೆ ಕಡಿಮೆ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಈ ಇಳಿ-ಏರಿನ ಆಟ ಬೇರೆ. 2005ರಲ್ಲಿ ಐರ್ಲೆಂಡಿನ ಡಬ್ಲಿನ್‌ನ ತಂಡವೊಂದು ಜೀವಕೋಶಗಳನ್ನು ಹೀಗೆ ಇಳಿ-ಏರಿಗೆ ಒಡ್ಡಿ ನೋಡಿತು. ಕೊರತೆಗೆ ಹೊಂದಿಸುವ ಎಚ್‌ಐಎಫ್-1 ಎಂಬ ಸ್ವಿಚ್ಚಿಗಿಂತ, ಉರಿಯೂತ ಹಚ್ಚುವ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ಚು ಹೆಚ್ಚು ಎಚ್ಚರಗೊಂಡಿತ್ತು. ಅದೇ ತಂಡ ಅಪ್ನಿಯಾ ಇರುವವರ ರಕ್ತದಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ವಸ್ತು ಹೆಚ್ಚಿರುವುದನ್ನೂ, ಸಿಪ್ಯಾಪ್ ನಂತರ ಇಳಿಯುವುದನ್ನೂ ಕಂಡಿತು. ಹಾಗಾಗಿ ಅಪ್ನಿಯಾದಿಂದ ಉರಿಯೂತ ಎಂಬ ಮಾತು ಪೊಳ್ಳಲ್ಲ. ಮಗ ಓದಿದ್ದೂ ಅದನ್ನೇ.

ಆದರೆ ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ, ಮುಖ್ಯವಾಗಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಸ್ತುವಿನ ಅಪ್ಪಣೆಯಂತೆ. ಆ ಅಪ್ಪಣೆಯ ದೊಡ್ಡ ಪಾಲು ಹೊರಡುವುದು ಕೊಬ್ಬಿನಿಂದ. ಹೊಟ್ಟೆಯ ಸುತ್ತಲಿನ ಕೊಬ್ಬಿನ ಕೋಶಗಳು ಉಬ್ಬಿದಂತೆ ಅಲ್ಲಿಗೆ ರಕ್ಷಣಾ ಕೋಶಗಳು ಬಂದು ಬೀಡುಬಿಡುತ್ತವೆ, ಹಗಲೂ ರಾತ್ರಿ ಇಂಟರ್‌ಲ್ಯೂಕಿನ್ ಬಿಡುತ್ತವೆ. ರಾತ್ರಿ ಆಮ್ಲಜನಕ ಪೂರ್ತಿ ಸರಿಹೋದರೂ ಅವು ಜಾಗ ಖಾಲಿ ಮಾಡುವುದಿಲ್ಲ.

ಇದನ್ನು ಬಿಡಿಸಿ ನೋಡಿದ ಅಧ್ಯಯನ 2014ರಲ್ಲಿ ಅಮೆರಿಕದಿಂದ ಬಂತು. ಬೊಜ್ಜು, ಮಧ್ಯಮದಿಂದ ತೀವ್ರ ಅಪ್ನಿಯಾ, ಸಿಆರ್‌ಪಿ 1ಕ್ಕಿಂತ ಹೆಚ್ಚು, ಈ ಮೂರೂ ಇದ್ದ 181 ಜನ. ಒಂದು ಗುಂಪಿಗೆ ಸಿಪ್ಯಾಪ್ ಮಾತ್ರ, ಇನ್ನೊಂದಕ್ಕೆ ತೂಕ ಇಳಿಸುವುದು ಮಾತ್ರ, ಮೂರನೆಯದಕ್ಕೆ ಎರಡೂ. 24 ವಾರಗಳ ನಂತರ ಸಿಆರ್‌ಪಿ ಇಳಿದದ್ದು ತೂಕ ಇಳಿಸಿದ ಎರಡು ಗುಂಪುಗಳಲ್ಲಿ. ಸಿಪ್ಯಾಪ್ ಮಾತ್ರ ಹಾಕಿಕೊಂಡವರಲ್ಲಿ ಇಳಿಯಲಿಲ್ಲ. ತೂಕದ ಜೊತೆ ಯಂತ್ರ ಸೇರಿಸಿದ್ದರಿಂದ ಸಿಆರ್‌ಪಿಗೆ ಹೆಚ್ಚಿನ ಲಾಭವೂ ಕಾಣಲಿಲ್ಲ. ಇನ್ಸುಲಿನ್‌ಗೆ ಮೈ ಒಗ್ಗದಿರುವುದು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಇವುಗಳ ಕತೆಯೂ ಅದೇ. ಬಿ.ಪಿ.ಯಲ್ಲಿ ಮಾತ್ರ, ಹೇಳಿದಂತೆ ನಡೆದುಕೊಂಡವರಲ್ಲಿ, ಎರಡನ್ನೂ ಮಾಡಿದ್ದು ಒಂದೊಂದನ್ನೇ ಮಾಡಿದ್ದಕ್ಕಿಂತ ಹೆಚ್ಚು ಫಲ ಕೊಟ್ಟಿತು.

ಗುಮಾಸ್ತರಿಗೆ ಇದನ್ನು ಅವರ ಭಾಷೆಯಲ್ಲೇ ಹೇಳಿದೆ. ‘ಒಂದೇ ಪಾರ್ಟಿ, ನಿಮ್ಮಲ್ಲಿ ಎರಡು ಖಾತೆ ಇಟ್ಟಿದ್ದಾರೆ ಅನ್ಕೊಳ್ಳಿ. ಆಮ್ಲಜನಕದ ಖಾತೆಗೆ ನೀವು ಪೂರ್ತಿ ಜಮಾ ಮಾಡಿದ್ದೀರಿ. ಬಾಕಿ ತೋರಿಸ್ತಾ ಇರೋದು ತೂಕದ ಖಾತೆ.’ ತಕ್ಷಣ ಕೇಳಿದರು: ‘ಎರಡೂ ಖಾತೆ ಮಧ್ಯೆ ವರ್ಗಾವಣೆ ಇಲ್ವಾ?’ ಇದೆ, ಅದೇ ತೊಡಕು. ತೂಕ ಇಳಿದರೆ ಗಂಟಲು ತೆರೆದುಕೊಂಡು ಆಮ್ಲಜನಕವೂ ಸುಧಾರಿಸುತ್ತದೆ. ಆಮ್ಲಜನಕ ಸುಧಾರಿಸಿದರೆ ತೂಕ ತಾನಾಗಿ ಇಳಿಯುವುದಿಲ್ಲ. ಸಿಪ್ಯಾಪ್ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ನೋಡಿದಾಗ ತೂಕ ಸರಾಸರಿ ಅರ್ಧ ಕಿಲೋದಷ್ಟು ಏರಿಯೇ ಇತ್ತು. ರಾತ್ರಿಯಿಡೀ ಉಸಿರಿಗಾಗಿ ಗುದ್ದಾಡುವ ಶ್ರಮ ತಪ್ಪುತ್ತದೆ, ತಿನ್ನುವುದು ಅಷ್ಟೇ ಇರುತ್ತದೆ. ಗುಮಾಸ್ತರದು ಎರಡೂವರೆ ಕಿಲೋ ಏರಿದ್ದಕ್ಕೆ ಯಂತ್ರವನ್ನೊಂದೇ ದೂರುವಂತಿರಲಿಲ್ಲ. ಆ ಮೂರು ತಿಂಗಳಲ್ಲಿ ಮಂಡಿಯ ಸೀಸನ್ನೂ ಇತ್ತು, ನೆಂಟರ ಮದುವೆಗಳೂ ಇದ್ದವು.

ತೂಕದ ಕಡೆ

ಆಹಾರ ತಜ್ಞೆ ಮೊದಲು ಕೇಳಿದ್ದು ಗಂಟೆಗಳನ್ನು. ಬೆಳಿಗ್ಗೆ ಎಂಟಕ್ಕೆ ತಿಂಡಿ, ಮಧ್ಯಾಹ್ನ ಮೂರಕ್ಕೆ ಊಟ, ನಡುವೆ ಮಂಡಿಗೆ ಬಂದ ರೈತರ ಜೊತೆ ಸಕ್ಕರೆ ತುಂಬಿದ ಕಾಫಿ, ಎಷ್ಟು ಲೋಟ ಎಂದು ಅವರಿಗೇ ಲೆಕ್ಕವಿಲ್ಲ. ಸಂಜೆ ಮಂಡಕ್ಕಿ, ಮಿರ್ಚಿ. ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬಾ ಅನ್ನ, ಹನ್ನೊಂದಕ್ಕೆ ಹಾಸಿಗೆ. ಅಚ್ಚಾದ ಡಯಟ್ ಚಾರ್ಟ್ ಕೊಟ್ಟು ಕಳಿಸಿದ್ದರೆ ಅದು ಬಹುಶಃ ಖಾತೆ ಪುಸ್ತಕದೊಳಗೆ ಗುರುತಿನ ಹಾಳೆಯಾಗುತ್ತಿತ್ತು. ಆಕೆ ಮೂರೇ ಬದಲಾವಣೆ ಹಿಡಿದರು. ಕಾಫಿಗೆ ಸಕ್ಕರೆ ಇಲ್ಲ. ಸಂಜೆಯ ಮಿರ್ಚಿ ಜಾಗಕ್ಕೆ ಬೇಯಿಸಿದ ಕಾಳಿನ ಉಸಲಿ. ರಾತ್ರಿಯ ಊಟ ಎಂಟೂವರೆಗೆ ಮಂಡಿಗೇ ಡಬ್ಬಿಯಲ್ಲಿ, ಅನ್ನ ಅರ್ಧ, ಪಲ್ಯ ದುಪ್ಪಟ್ಟು. ಮನೆಯವರ ಅಡುಗೆ ಬದಲಾಗಲಿಲ್ಲ, ಬಡಿಸುವ ಅಳತೆ ಬದಲಾಯಿತು.

ನಡಿಗೆ ಈಗ ಸಾಧ್ಯವಾಯಿತು. ಇದು ಯಂತ್ರದ ಕೊಡುಗೆ. ಈ ಮೊದಲು ಊರಿನ ವೈದ್ಯರು ‘ವಾಕಿಂಗ್ ಮಾಡಿ’ ಎಂದು ಎಷ್ಟು ಸಲ ಹೇಳಿದ್ದರೋ. ತಲೆಭಾರ ಹೊತ್ತು ಏಳುವ, ಕೂತಲ್ಲೇ ನಿದ್ದೆಹೋಗುವ ಮನುಷ್ಯ ಬೆಳಿಗ್ಗೆ ಐದೂವರೆಗೆ ಎದ್ದು ನಡೆಯುವುದು ಹೇಗೆ? ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ಯಂತ್ರ ನೋಡೋಣ ಎಂಬ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತೀವ್ರ ಅಪ್ನಿಯಾ ಇರುವವರಲ್ಲಿ ಈ ಕ್ರಮ ತಲೆಕೆಳಗು.

ಔಷಧದ ಪ್ರಶ್ನೆಯೂ ಬಂತು. ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದನ್ನು ಬೊಜ್ಜಿನ ಜೊತೆ ಅಪ್ನಿಯಾ ಇರುವವರಲ್ಲಿ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. 52 ವಾರಗಳಲ್ಲಿ ಎಎಚ್‌ಐ ಗಂಟೆಗೆ ಸರಾಸರಿ 25ರಿಂದ 29ರಷ್ಟು ಇಳಿದಿತ್ತು, ಹುಸಿಮದ್ದು ಪಡೆದವರಲ್ಲಿ ಸುಮಾರು 5. ಸಿಆರ್‌ಪಿಯೂ ಇಳಿದಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಇದನ್ನು ಅಪ್ನಿಯಾಕ್ಕೆ ಒಪ್ಪಿತು, 2025ರ ಮಾರ್ಚ್‌ನಲ್ಲಿ ಔಷಧ ಭಾರತದ ಮಾರುಕಟ್ಟೆಗೂ ಬಂತು. ಗುಮಾಸ್ತರು ಬೆಲೆ ಕೇಳಿ ಸುಮ್ಮನಾದರು. ತಿಂಗಳ ಖರ್ಚು, ನಿಲ್ಲಿಸಿದರೆ ತೂಕ ಮರಳುವ ಸಂಭವ, ವಾಂತಿ-ಹೊಟ್ಟೆ ಕೆಡುವ ತೊಂದರೆ, ಎಲ್ಲವನ್ನೂ ಮುಂದಿಟ್ಟು, ಆರು ತಿಂಗಳು ಊಟ-ನಡಿಗೆಯಲ್ಲಿ ನೋಡೋಣ ಎಂದು ಇಬ್ಬರೂ ಒಪ್ಪಿದೆವು. ಬೊಜ್ಜಿನ ಶಸ್ತ್ರಚಿಕಿತ್ಸೆಯ ಮಾತಿಗೆ ಹೆಂಡತಿ ಬೇಡವೆಂದರು.

ವಸಡಿನ ಚಿಕಿತ್ಸೆ ಮುಗಿದ ಮೇಲೆ ಸಿಆರ್‌ಪಿ 6.7. ಇಳಿಯಿತು ಎನ್ನಲು ಧೈರ್ಯ ಸಾಲದಷ್ಟು ಸಣ್ಣ ವ್ಯತ್ಯಾಸ. ಆದರೆ ಎಲೆ-ಅಡಿಕೆ ದಿನಕ್ಕೊಂದಕ್ಕೆ ಇಳಿದದ್ದು ಬಾಯಿಯ ಮಟ್ಟಿಗೆ ದೊಡ್ಡ ಲಾಭ. ತೂಕ 92ಕ್ಕೆ ಬಂದಾಗ ಸಿಆರ್‌ಪಿ 3.9. ಆಹಾರ ಬದಲಿಸಿದ ಒಂಬತ್ತನೆಯ ತಿಂಗಳಿಗೆ ತೂಕ 87.5, ಸಿಆರ್‌ಪಿ 2.6, ಸಕ್ಕರೆಯ ಸರಾಸರಿ 5.8. ಸಿಆರ್‌ಪಿ ಮೂರಕ್ಕಿಂತ ಹೆಚ್ಚಿದ್ದರೆ ಹೃದಯಕ್ಕೆ ಅಪಾಯ ಹೆಚ್ಚು, 1ರಿಂದ 3 ನಡುಮಟ್ಟ ಎಂಬುದು ರೂಢಿಯ ಅಳತೆ. ಇದರಲ್ಲಿ ವಸಡಿನ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಇಳಿದ ಕೊಬ್ಬಿನ ಪಾಲೆಷ್ಟು ಎಂದು ಒಬ್ಬ ರೋಗಿಯಲ್ಲಿ ಬೇರ್ಪಡಿಸಲಾಗದು. ಯಂತ್ರವಂತೂ, ಮೊದಲ ತಿಂಗಳ ತೊಡಕು ಬಿಟ್ಟರೆ, ಆ ಹನ್ನೆರಡು ತಿಂಗಳೂ ಒಂದೇ ತೆರನಾಗಿ ಓಡಿತ್ತು. ಮೊದಲ ಮೂರು ತಿಂಗಳು ಸಿಆರ್‌ಪಿ ಅಲುಗಲಿಲ್ಲ ಎಂಬುದೇ ನನಗೆ ಹೆಚ್ಚು ಹೇಳುತ್ತದೆ.

‘ಇನ್ನು ಮಷಿನ್ ಬಿಡಬಹುದಲ್ವಾ?’

ನಿರೀಕ್ಷಿತ ಪ್ರಶ್ನೆಯೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ಅಧ್ಯಯನ 2000ದಲ್ಲಿ ಪ್ರಕಟವಾದಾಗ, ತೂಕ 10 ಪ್ರತಿಶತ ಏರಿದರೆ ಎಎಚ್‌ಐ ಸುಮಾರು 32 ಪ್ರತಿಶತ ಏರುತ್ತದೆ, 10 ಪ್ರತಿಶತ ಇಳಿದರೆ 26 ಪ್ರತಿಶತ ಇಳಿಯುತ್ತದೆ ಎಂದು ಕಂಡಿತ್ತು. ಗುಮಾಸ್ತರು ಮೂಲ ತೂಕದ 9 ಪ್ರತಿಶತ ಇಳಿಸಿದ್ದರು. ಲೆಕ್ಕ ಗೊತ್ತಿರುವ ಮನುಷ್ಯ, ತಾವೇ ಗುಣಿಸಿ, ‘ಮೂವತ್ತೈದರ ಹತ್ರ ಇರ್ಬೇಕು’ ಎಂದರು. ಊಹೆಯ ಮೇಲೆ ನಿಲ್ಲುವ ಬದಲು ಅಳೆಯೋಣ ಎಂದೆವು. ಕೆಲವು ರಾತ್ರಿ ಯಂತ್ರ ನಿಲ್ಲಿಸಿ, ಆ ದಿನಗಳಲ್ಲಿ ಬೈಕು ಓಡಿಸುವುದನ್ನೂ ಮತ್ತೆ ನಿಲ್ಲಿಸಿ, ಮನೆಯಲ್ಲೇ ಪರೀಕ್ಷೆ. ಎಎಚ್‌ಐ 27. ಅತಿ ಕಡಿಮೆ ಆಮ್ಲಜನಕ 79. 90ಕ್ಕಿಂತ ಕೆಳಗಿದ್ದ ಹೊತ್ತು 6 ಪ್ರತಿಶತ.

ಅವರ ಊಹೆಗಿಂತ ಚೆನ್ನಾಗಿತ್ತು, ಯಂತ್ರ ಬಿಡುವಷ್ಟು ಚೆನ್ನಾಗಿರಲಿಲ್ಲ. ಆಮ್ಲಜನಕದ ಕುಸಿತ ಎಎಚ್‌ಐಗಿಂತ ಹೆಚ್ಚು ಸುಧಾರಿಸಿದ್ದನ್ನು ಗಮನಿಸಿ: ಹೊಟ್ಟೆ ಇಳಿದು ಶ್ವಾಸಕೋಶಕ್ಕೆ ಜಾಗವಾದರೆ ದಾಸ್ತಾನು ಹೆಚ್ಚುತ್ತದೆ, ಉಸಿರು ನಿಂತರೂ ಅಂಕಿ ಅಷ್ಟು ಬೀಳುವುದಿಲ್ಲ. ಉಳಿದ 27ಕ್ಕೆ ಆ ಹಿಂದೆ ಸರಿದ ದವಡೆ ಕಾರಣ ಎಂಬುದು ನನ್ನ ಅನಿಸಿಕೆ. ದವಡೆ ಡಯಟ್ ಮಾಡುವುದಿಲ್ಲ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಬಾಯಿಯ ಸಾಧನ ಇಂಥವರಿಗೆ ಒಪ್ಪಬಹುದಿತ್ತು, ಆದರೆ ಅದು ಹಲ್ಲುಗಳ ಮೇಲೆ ಭಾರ ಹಾಕುತ್ತದೆ. ವಸಡು ಸಡಿಲಾಗಿರುವ ಬಾಯಿಗೆ ದಂತವೈದ್ಯರು ಸದ್ಯಕ್ಕೆ ಬೇಡವೆಂದರು. ಯಂತ್ರ ಮುಂದುವರಿಯಿತು. ಆದರೆ ಅದು ಕೊಡಬೇಕಾದ ಒತ್ತಡ 12ರ ಆಸುಪಾಸಿನಿಂದ 10ಕ್ಕಿಂತ ಕೆಳಗೆ ಬಂದಿತ್ತು. ಗಾಳಿಯ ರಭಸ ತಗ್ಗಿದ್ದಕ್ಕೆ ಗುಮಾಸ್ತರು ಖುಷಿಪಟ್ಟರು, ಬಳಕೆ ಆರು ಗಂಟೆ ದಾಟಿತು.

ಇದೇ ಬಗೆಯ ರೋಗಿಗಳನ್ನು ನೋಡುವ ಸಹೋದ್ಯೋಗಿಗಳಿಗೆ ಒಂದೆರಡು ಮಾತು. ಸಿಆರ್‌ಪಿಯಿಂದ ಅಪ್ನಿಯಾ ಪತ್ತೆಯಾಗುವುದಿಲ್ಲ, ಸಿಪ್ಯಾಪ್ ಕೆಲಸ ಮಾಡುತ್ತಿದೆಯೇ ಎಂಬುದೂ ಗೊತ್ತಾಗುವುದಿಲ್ಲ. ಅದಕ್ಕೆ ಯಂತ್ರದ ಕಾರ್ಡ್, ತೂಕಡಿಕೆಯ ಅಂಕ, ಬಿ.ಪಿ. ಇವೆ. ರೋಗಿ ಪ್ಯಾಕೇಜಿನಲ್ಲಿ ಅದನ್ನು ಮಾಡಿಸಿಕೊಂಡೇ ಬಂದರೆ ಚಿಕಿತ್ಸೆ ಶುರುಮಾಡುವ ದಿನವೇ, ‘ಈ ಅಂಕಿ ಮಷಿನ್‌ಗೆ ಇಳಿಯದೆ ಇರಬಹುದು, ತೂಕ ಮೊದಮೊದಲು ಸ್ವಲ್ಪ ಏರಲೂಬಹುದು’ ಎಂದು ಹೇಳಿಬಿಡುವುದು ಒಳ್ಳೆಯದು. ಮೂರನೆಯ ತಿಂಗಳಲ್ಲಿ ಹೇಳಿದರೆ ಅದು ಸಬೂಬಿನಂತೆ ಕೇಳಿಸುತ್ತದೆ. ಅಂಕಿ 10 ದಾಟಿದ್ದರೆ ನೆಗಡಿ, ಹಲ್ಲುನೋವು, ಗಾಯ ಏನಾದರೂ ಇದೆಯೇ ವಿಚಾರಿಸಿ, ಎರಡು ವಾರ ಬಿಟ್ಟು ಮತ್ತೆ ನೋಡಬೇಕು.

ಗುಮಾಸ್ತರ ತೂಕ ಈಗ 88ರ ಸುತ್ತ ನಿಂತುಬಿಟ್ಟಿದೆ. ಬಿ.ಪಿ.ಗೆ ಎರಡು ಮಾತ್ರೆ ಮುಂದುವರಿದಿವೆ. ಹಿಂದಿನ ಭೇಟಿಯಲ್ಲಿ ಚುಚ್ಚುಮದ್ದಿನ ಮಾತನ್ನು ತಾವೇ ಎತ್ತಿದರು, ಮಗ ಖರ್ಚು ಹೊರುತ್ತೇನೆ ಎಂದಿದ್ದಾನಂತೆ. ಮಂಡಿಯ ಸೀಸನ್ ಮುಗಿಯಲಿ, ಊಟದ ಹೊತ್ತು ಹಿಡಿತಕ್ಕೆ ಬಂದ ಮೇಲೂ ತೂಕ ಅಲುಗದಿದ್ದರೆ ಶುರುಮಾಡೋಣ ಎಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ಪ್ರತಿ ಭೇಟಿಗೂ ಸೊಂಟದ ಸುತ್ತಳತೆ, ಬಿ.ಪಿ., ಯಂತ್ರದ ಗಂಟೆಗಳು. ಸಿಆರ್‌ಪಿ ವರ್ಷಕ್ಕೊಮ್ಮೆ ಸಾಕೆಂದು ಅವರ ಕಡತದ ಮೇಲೆಯೇ ಬರೆದಿಟ್ಟಿದ್ದೇನೆ.